ಗೋವಾವೇಸ್ ಅಗಸಿಗೆ ರಾತ್ರಿ ಹತ್ತರ ಕೀಲಿ

ಬೆಂಗಳೂರಿನಿಂದ ಬೆಳಗಾವಿಗೆ ವಂದೇ ಭಾರತ್ ರೈಲು ಶುರುವಾದದ್ದು 2025ರ ಆಗಸ್ಟ್‌ನಲ್ಲಿ. ಆಗ ಪ್ರಕಟವಾದ ವೇಳಾಪಟ್ಟಿಯಂತೆ ಅದು ಬೆಳಗಾವಿ ಮುಟ್ಟುವ ಹೊತ್ತು ರಾತ್ರಿ 10.40. ಎಂಟು ತಾಸಿಗೂ ಮಿಕ್ಕಿ ಕೂತು ಬಂದವರು ಬ್ಯಾಗು, ಮಕ್ಕಳು, ಸೊಂಟನೋವು ಎಲ್ಲವನ್ನೂ ಇಳಿಸಿಕೊಂಡು ಹೊರಗೆ ಬರುತ್ತಾರೆ. ಅವರಿಗೆ ಬೇಕಾದದ್ದು ಹೆಚ್ಚೇನಲ್ಲ: ಹೊಟ್ಟೆಗೆ ಬಿಸಿಯಾದ ನಾಲ್ಕು ತುತ್ತು, ಮನೆ ಮುಟ್ಟಲು ಒಂದು ವಾಹನ. ನಗರ ಸಾರಿಗೆ ಬಸ್ ಆ ಹೊತ್ತಿಗೆ ಡಿಪೊ ಸೇರಿರುತ್ತದೆ. ಆಟೊದವರು ಮೀಟರಿನ ಮಾತೆತ್ತುವುದಿಲ್ಲ. ಟಿಳಕವಾಡಿಗೆ ಹೋಗುವವರು ಮಿಲಿಟರಿ ಮಹಾದೇವ ಗುಡಿಯ ಕಡೆಯಿಂದ ಕಾಂಗ್ರೆಸ್ ರಸ್ತೆ ಹಿಡಿದು ಮೊದಲ ರೈಲ್ವೆ ಗೇಟ್ ದಾಟುವಾಗ ಎರಡೂ ಬದಿಯ ಅಂಗಡಿಗಳ ಶಟರ್ ಕೆಳಗಿಳಿದಿರುತ್ತವೆ.

ಅದೇ ಹೊತ್ತಿಗೆ ಖಾನಾಪುರ ರಸ್ತೆಯ ಒಂದು ಅಂಡಾ ಭುರ್ಜಿ ಗಾಡಾದ ಎದುರು ನಿಂತು ನೋಡಬೇಕು. ತವಾದ ಮೇಲೆ ಕಡೆಯ ಸರದಿಯ ಉಳ್ಳಾಗಡ್ಡಿ ಇನ್ನೂ ಚುರುಗುಡುತ್ತಿರುತ್ತದೆ. ಪಾವಿನ ಟ್ರೇ ಅರ್ಧ ತುಂಬಿಯೇ ಇರುತ್ತದೆ, ಅದು ನಾಳೆಗೆ ಬರುವ ಮಾಲಲ್ಲ. ಬೈಕಿನ ಮೇಲೆ ಬಂದ ಬೀಟ್ ಪೊಲೀಸರು ಕೆಳಗೆ ಇಳಿಯುವುದೂ ಇಲ್ಲ. ಎರಡು ಸಲ ಹಾರ್ನ್ ಒತ್ತಿದರೆ ಮುಗಿಯಿತು.

‘ಆತ್ರಿ ಸಾಹೇಬ್ರ, ಇದೊಂದು ಪಾರ್ಸಲ್ ಐತಿ.’

‘ಹತ್ತೂವರಿ ಆಗಿ ಎಷ್ಟೊತ್ತಾತು? ಮೊದಲ ಲೈಟ್ ಆರ್ಸು.’

ಬಲ್ಬು ಆರುತ್ತದೆ. ಗ್ಯಾಸ್ ಉರಿಯ ನೀಲಿ ಬೆಳಕಿನಲ್ಲೇ ಭುರ್ಜಿ ಕಾಗದಕ್ಕೆ ಬೀಳುತ್ತದೆ, ರಬ್ಬರ್ ಬ್ಯಾಂಡ್ ಬೀಳುತ್ತದೆ, ಗಿರಾಕಿ ಮೊಬೈಲ್ ಟಾರ್ಚ್ ಹಿಡಿದು ರೊಕ್ಕ ಎಣಿಸುತ್ತಾನೆ. ಊರಿನ ಒಂದು ತುದಿಯಲ್ಲಿ ಹಸಿದವರನ್ನು ಹೊತ್ತ ರೈಲು ಬಂದು ನಿಲ್ಲುವುದಕ್ಕೂ, ಇನ್ನೊಂದು ತುದಿಯಲ್ಲಿ ಉಣಬಡಿಸುವವನ ದೀಪ ಆರುವುದಕ್ಕೂ ನಡುವೆ ಇರುವುದು ಹದಿನೈದು ನಿಮಿಷ, ಎರಡು ಕಿಲೋಮೀಟರಿನ ಆಸುಪಾಸು.

ರಾತ್ರಿಯ ಆರ್ಥಿಕತೆ ಎಂಬ ಮಾತು ಕಿವಿಗೆ ಬಿದ್ದೊಡನೆ ಪಬ್ಬು, ಡಿಜೆ, ನಡುರಾತ್ರಿ ಕಿರುಚುವ ಕಾರಿನ ಬ್ರೇಕು ನೆನಪಾಗುವುದು ಸಹಜ. ಬೆಂಗಳೂರಿನ ಸುದ್ದಿ ಓದಿ ಓದಿ ಮನಸ್ಸಿನಲ್ಲಿ ಕೂತ ಚಿತ್ರ ಅದು. ಬೆಳಗಾವಿಯ ರಾತ್ರಿ ಹಾಗಿಲ್ಲ. ಈ ಊರಿಗೆ ರಾತ್ರಿಯ ದುಡಿಮೆಯನ್ನು ಯಾರೂ ಹೊರಗಿನಿಂದ ತಂದು ಕೊಡಬೇಕಿಲ್ಲ, ಅದು ಹಳೆಯ ಸಂಗತಿ. ಕಣ್ಣಿಗೆ ಬೀಳದೆ ಉಳಿದಿದೆ, ಅಷ್ಟೆ.

ಟಿಳಕವಾಡಿಯ ಮೂರನೇ ರೈಲ್ವೆ ಗೇಟಿನ ಮೇಲ್ಸೇತುವೆ ಇಳಿದರೆ ಉದ್ಯಮಬಾಗ. ಅಲ್ಲಿನ ಫೌಂಡ್ರಿಗಳಲ್ಲಿ ಕಬ್ಬಿಣ ಕರಗುವುದು ಬಹಳ ಕಡೆ ರಾತ್ರಿಯೇ. ಕಾರಣ ಕರೆಂಟಿನ ಬಿಲ್ಲಿನಲ್ಲಿದೆ. ಹೈಟೆನ್ಷನ್ ಸಂಪರ್ಕದ ಕೈಗಾರಿಕೆಗಳಿಗೆ ಸಂಜೆ 6ರಿಂದ 10ರವರೆಗೆ ಯೂನಿಟ್ಟಿಗೆ ಹೆಚ್ಚು ದರ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ರಿಯಾಯಿತಿ ಎಂಬ ಲೆಕ್ಕವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ವರ್ಷಗಟ್ಟಲೆ ನಡೆಸಿಕೊಂಡು ಬಂದಿದೆ. ಹತ್ತು ಹೊಡೆಯುತ್ತಿದ್ದಂತೆ ಕರೆಂಟು ಸೋವಿಯಾಗುತ್ತದೆ, ಕುಲುಮೆ ಹೊತ್ತಿಕೊಳ್ಳುತ್ತದೆ. ಅದೇ ಹತ್ತಕ್ಕೆ ಕುಲುಮೆಯ ಮುಂದೆ ಬೆವರುವವನಿಗೆ ಚಹಾ ಕೊಡುವ ಗಾಡಾ ಮುಚ್ಚಬೇಕಾಗುತ್ತದೆ. ಸರ್ಕಾರದ ಒಂದು ಇಲಾಖೆ ರಾತ್ರಿ ದುಡಿ ಎಂದು ರಿಯಾಯಿತಿ ಕೊಡುತ್ತದೆ, ಮತ್ತೊಂದು ಇಲಾಖೆ ದುಡಿಯುವವನ ಊಟದ ದೀಪ ಆರಿಸುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿ ಮಾಡಿದ್ದಲ್ಲ.

ವಡಗಾವಿ, ಖಾಸಬಾಗಗಳ ಗಲ್ಲಿಗಳಲ್ಲಿ ವಿದ್ಯುತ್ ಮಗ್ಗದ ಟಕಟಕ ಊಟದ ಹೊತ್ತು ದಾಟಿಯೂ ಕೇಳಿಸುತ್ತದೆ. ನೆಹರು ನಗರದ ಆಸ್ಪತ್ರೆಗಳ ಎದುರು ರೋಗಿಗಳ ಕಡೆಯವರು ರಾತ್ರಿಯಿಡೀ ಎಚ್ಚರ. ಮುಂಬೈ, ಪುಣೆ, ಬೆಂಗಳೂರಿನ ಸ್ಲೀಪರ್ ಬಸ್ಸುಗಳು ಹೊರಡುವುದು ರಾತ್ರಿಯೇ. ಇನ್ನು ತರಕಾರಿ. ಗೋವೆಯ ಅಡುಗೆಮನೆಗೆ ಹೋಗುವ ತರಕಾರಿಯ ದೊಡ್ಡ ಪಾಲು ಬೆಳಗಾವಿಯಿಂದಲೇ ಹೋಗುತ್ತದೆ. ಬೆಳಗಿನ ಸಂತೆಗೆ ಪಣಜಿ, ಮಡಗಾಂವ್ ಮುಟ್ಟಬೇಕೆಂದರೆ ಗಾಡಿ ಚೋರ್ಲಾ ಘಾಟ್ ಇಳಿಯಬೇಕಾದದ್ದು ಕತ್ತಲೆಯಲ್ಲಿ. ಹಸಿಮೆಣಸು, ಕೋಸು, ಟೊಮೆಟೊ ಹೇರುವ ಹಮಾಲರಿಗೆ, ಚಾಲಕರಿಗೆ, ದಲ್ಲಾಳಿಗಳ ಗುಮಾಸ್ತರಿಗೆ ರಾತ್ರಿ ಎಂದರೆ ಆಫೀಸಿನ ಹೊತ್ತು.

ಗೋವಾವೇಸ್ ಎಂಬ ಹೆಸರನ್ನೇ ಬಿಡಿಸಿ ನೋಡಿ. ವೇಸ್ ಎಂದರೆ ಮರಾಠಿಯಲ್ಲಿ ಊರಬಾಗಿಲು, ಕನ್ನಡದವರ ಬಾಯಲ್ಲಿ ಅಗಸಿ. ಗೋವೆಯ ಕಡೆಗೆ ತೆರೆದ ಅಗಸಿ ಅದು. ಶಹಾಪುರವೂ ಟಿಳಕವಾಡಿಯೂ ಕೂಡುವ ಆ ವೃತ್ತದಲ್ಲಿ ಈಗ ಬಾಗಿಲೂ ಇಲ್ಲ, ಅಗಳಿಯೂ ಇಲ್ಲ. ಆದರೂ ರಾತ್ರಿ ಹತ್ತರ ಮೇಲೆ ಅಲ್ಲಿ ಕೀಲಿ ಬಿದ್ದ ಹಾಗೆಯೇ.

ಸರ್ಕಾರ ಈ ಕೀಲಿ ತೆಗೆಯುವ ಮಾತಾಡಿಲ್ಲ ಎನ್ನುವಂತಿಲ್ಲ. 2024ರ ಫೆಬ್ರುವರಿಯ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಬೆಂಗಳೂರು ಹಾಗೂ ಇತರ 10 ಮಹಾನಗರ ಪಾಲಿಕೆಗಳಲ್ಲಿ ವ್ಯಾಪಾರದ ಅವಧಿಯನ್ನು ರಾತ್ರಿ 1ರವರೆಗೆ ವಿಸ್ತರಿಸುವುದಾಗಿ ಘೋಷಿಸಿದರು. ಹತ್ತರ ಪಟ್ಟಿಯಲ್ಲಿ ಬೆಳಗಾವಿಯೂ ಸೇರುತ್ತದೆ. ಅದೇ ವರ್ಷ ಜುಲೈ ಕೊನೆಗೆ ಆದೇಶ ಬಂತು. ಬಂದದ್ದು ಬಿಬಿಎಂಪಿ ವ್ಯಾಪ್ತಿಗೆ. ಅದರಲ್ಲಿಯೂ ಜನರ ಬಾಯಲ್ಲಿ ಉಳಿದದ್ದು ಬಾರುಗಳ ಸಮಯ ಮಾತ್ರ. ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆಗಳವರು ಪತ್ರಿಕೆಯಲ್ಲಿ ಓದಿ ಮಡಚಿಟ್ಟರು.

ಇದಕ್ಕೂ ಮೊದಲು, 2021ರ ಜನವರಿಯಲ್ಲಿ, ಕಾರ್ಮಿಕ ಇಲಾಖೆ ಇನ್ನೊಂದು ಅಧಿಸೂಚನೆ ಹೊರಡಿಸಿತ್ತು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿದ ಮಳಿಗೆಗಳು ದಿನದ 24 ತಾಸೂ, ವಾರದ ಏಳೂ ದಿನ ತೆರೆದಿರಬಹುದು ಎಂಬ ಅನುಮತಿ ಅದು. ಷರತ್ತುಗಳು ಒಳ್ಳೆಯವೇ: ವಾರದ ರಜೆ ಕೊಡಬೇಕು, ಹೆಚ್ಚುವರಿ ದುಡಿಮೆಗೆ ಮಿತಿ ಇರಬೇಕು, ರಾತ್ರಿ 8ರ ನಂತರ ಹೆಣ್ಣುಮಕ್ಕಳನ್ನು ದುಡಿಸಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು, ಮನೆ ಮುಟ್ಟಿಸುವ ವಾಹನ ಬೇಕು. ಆದರೆ ಒಂದು ಮಾತು ಎಲ್ಲವನ್ನೂ ತಿಂದುಹಾಕಿತು. ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿರುವ ಸಂಸ್ಥೆಗಳಿಗೆ ಮಾತ್ರ ಈ ಅನುಮತಿ ಸಿಕ್ಕಿತು. ಟಿಳಕವಾಡಿಯ ಮಂಗಳವಾರ ಪೇಟೆ, ಗುರುವಾರ ಪೇಟೆ, ಶುಕ್ರವಾರ ಪೇಟೆಗಳನ್ನು ಸುತ್ತಿ ಬಂದರೆ ಹತ್ತು ಜನ ಆಳುಗಳಿರುವ ಅಂಗಡಿ ಎಷ್ಟು ಸಿಕ್ಕಾವು? ಔಷಧ ಅಂಗಡಿಯಲ್ಲಿ ಮೂವರು, ಖಾನಾವಳಿಯಲ್ಲಿ ಆರು, ಭುರ್ಜಿ ಗಾಡಾದಲ್ಲಿ ಗಂಡ ಹೆಂಡತಿ ಇಬ್ಬರು. ಇಡೀ ರಾತ್ರಿ ಬಾಗಿಲು ತೆರೆದಿಡಲು ಕಾನೂನು ಒಪ್ಪಿದ್ದು ಮಾಲ್‌ಗೆ. ಆ ಹೊತ್ತಿನಲ್ಲಿ ಮಾಲ್‌ಗೆ ಹೋಗುವ ಗಿರಾಕಿ ಈ ಊರಿನಲ್ಲಿ ಇಲ್ಲ.

ಇಷ್ಟು ಓದಿದವರು ಕೇಳಬಹುದಾದ ಪ್ರಶ್ನೆ ಇದು: ಬೆಳಗಾವಿಯ ಜನ ರಾತ್ರಿ ಹೊರಗೆ ಬರುತ್ತಾರೆಯೇ? ಒಂಬತ್ತಕ್ಕೆ ಉಂಡು ಮಲಗುವ ಊರಲ್ಲವೇ ಇದು?

ಉತ್ತರ ಪ್ರತಿ ವರ್ಷ ಭಾದ್ರಪದದಲ್ಲಿ ಸಿಗುತ್ತದೆ. ಗಣೇಶೋತ್ಸವದ ದಿನಗಳಲ್ಲಿ ಬೆಳಗಾವಿ ಮಲಗುವುದಿಲ್ಲ. ರಾತ್ರಿ ಊಟ ಮುಗಿಸಿ ಇಡೀ ಮನೆ ಗಣಪತಿ ನೋಡಲು ಹೊರಡುತ್ತದೆ: ಅಜ್ಜಿ ಮುಂದೆ, ಹೆಗಲ ಮೇಲೆ ಕೂಸು, ಹಿಂದಿನಿಂದ ಚಪ್ಪಲಿ ಕೈಯಲ್ಲಿ ಹಿಡಿದ ಸೊಸೆ. ಗಲ್ಲಿಯಿಂದ ಗಲ್ಲಿಗೆ ನಡೆದು, ಮಂಡಳದ ದೇಖಾವೆ ನೋಡಿ, ಭೇಳ್ ತಿಂದು, ಕಬ್ಬಿನ ಹಾಲು ಕುಡಿದು ಮನೆ ಸೇರುವಾಗ ಎರಡೂ ಆಗುತ್ತದೆ, ಮೂರೂ ಆಗುತ್ತದೆ. ಕೊನೆಯ ದಿನದ ವಿಸರ್ಜನೆ ಮೆರವಣಿಗೆ ಶುರುವಾದದ್ದು ಸಂಜೆಯಾದರೆ ಕಪಿಲೇಶ್ವರ ಹೊಂಡದಲ್ಲಿ ಕಡೆಯ ಮೂರ್ತಿ ಮುಳುಗುವುದು ಮರುದಿನ. ಶಿವಜಯಂತಿಯ ರೂಪಕಗಳ ಮೆರವಣಿಗೆಯೂ ಬೆಳಕು ಹರಿಯುವತನಕ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಚನ್ನಮ್ಮ ವೃತ್ತದಲ್ಲಿ ಸೇರುವ ಹುಡುಗರ ಕುಣಿತ ಹಿಂದಿನ ರಾತ್ರಿ ಹನ್ನೆರಡಕ್ಕೇ ಆರಂಭ. 2024ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ನೂರು ವರ್ಷದ ನೆಪದಲ್ಲಿ ಮೈಸೂರು ದಸರಾ ಮಾದರಿಯ ದೀಪಾಲಂಕಾರ ಮಾಡಿದಾಗ, ಕಾರ್ಯಕ್ರಮಕ್ಕೆ ಬಾರದ ಜನವೂ ದೀಪ ನೋಡಲು ಮನೆಮಂದಿಯನ್ನು ಕರೆದುಕೊಂಡು ಬೀದಿಗೆ ಇಳಿದರು.

ಆ ರಾತ್ರಿಗಳಲ್ಲಿ ಏನು ಬದಲಾಗಿರುತ್ತದೆ? ಊರು ಅದೇ, ಜನ ಅದೇ, ಪೊಲೀಸರೂ ಅವರೇ. ಬೀದಿದೀಪ ಉರಿಯುತ್ತದೆ, ತಿನ್ನಲು ಏನಾದರೂ ಸಿಗುತ್ತದೆ, ಹತ್ತು ಹೆಜ್ಜೆಗೆ ಒಬ್ಬ ಪರಿಚಿತ ಎದುರಾಗುತ್ತಾನೆ, ಮಂಡಳದ ಹುಡುಗರು ದಾರಿ ಬಿಡಿಸುತ್ತಾರೆ. ಹೆಣ್ಣುಮಕ್ಕಳು ಒಂದು ಗಂಟೆಗೆ ಭಯವಿಲ್ಲದೆ ನಡೆಯುತ್ತಾರೆ, ಏಕೆಂದರೆ ಬೀದಿಯಲ್ಲಿ ಬೇರೆ ಹೆಣ್ಣುಮಕ್ಕಳಿದ್ದಾರೆ. ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲಿ ಬರೆದ ನಗರಗಳ ಕುರಿತ ಪುಸ್ತಕದಲ್ಲಿ ಬೀದಿಯ ಮೇಲಿನ ಕಣ್ಣುಗಳೇ ಬೀದಿಯ ಕಾವಲು ಎಂದು ವಾದಿಸಿದ್ದಳು. ಶಹಾಪುರದ ಅಜ್ಜಿಯರಿಗೆ ಅದನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ಗಣಪತಿ ಕಳಿಸಿದ ಮರುವಾರ ಅದೇ ಬೀದಿಯಲ್ಲಿ ಹತ್ತೂವರೆಗೆ ನಡೆಯಲು ಅವರೇ ಅಂಜುತ್ತಾರೆ. ಗಾಡಾ ಇಲ್ಲ, ದೀಪ ಇಲ್ಲ, ಕಣ್ಣೂ ಇಲ್ಲ. ಸುರಕ್ಷತೆಗಾಗಿ ಎಲ್ಲವನ್ನೂ ಮುಚ್ಚಿಸುತ್ತೇವೆ ಎನ್ನುವ ಅಧಿಕಾರಿಗಳು ಈ ಎರಡು ವಾರಗಳ ಅಂತರವನ್ನು ಒಮ್ಮೆ ನಡೆದು ನೋಡಬೇಕು.

ಹಾಗಾದರೆ ಜಾಗ ಕಟ್ಟಿಸಿ ಕೊಟ್ಟರಾಯಿತು ಎನ್ನುವವರಿಗೆ ಗೋವಾವೇಸ್ ಬಳಿಯಲ್ಲೇ ಪಾಠವೊಂದು ನಿಂತಿದೆ. ಅದರ ಹೆಸರು ತಿನಿಸು ಕಟ್ಟೆ, ಮರಾಠಿಯವರಿಗೆ ಖಾವು ಕಟ್ಟಾ. ಸರ್ಕಾರಿ ಹಣದಲ್ಲಿ ಮಳಿಗೆಗಳನ್ನು ಕಟ್ಟಿ, ಸಂಜೆಯ ತಿಂಡಿತಿನಿಸಿಗೆ ಒಂದು ಅಚ್ಚುಕಟ್ಟಾದ ತಾಣ ಮಾಡುವ ಯೋಜನೆ ಅದು. ಯೋಚನೆಯಲ್ಲಿ ತಪ್ಪಿರಲಿಲ್ಲ. ಸುದ್ದಿಯಾದದ್ದು ಮಾತ್ರ ಅಲ್ಲಿನ ಮಿಸಳಿಗಾಗಿ ಅಲ್ಲ. ಮಳಿಗೆಗಳನ್ನು ಪತ್ನಿಯರ ಹೆಸರಿನಲ್ಲಿ ಪಡೆದಿದ್ದಾರೆಂಬ ಕಾರಣಕ್ಕೆ ಇಬ್ಬರು ನಗರಸೇವಕರ ಸದಸ್ಯತ್ವವನ್ನು ಪ್ರಾದೇಶಿಕ ಆಯುಕ್ತರು 2025ರ ಫೆಬ್ರುವರಿಯಲ್ಲಿ ರದ್ದುಪಡಿಸಿದರು. ಪ್ರಕರಣ ಸರ್ಕಾರದ ಮುಂದೆ, ಹೈಕೋರ್ಟಿನ ಮುಂದೆ ಹೋಯಿತು. ನಡುವೆಯೇ ಮಾರ್ಚಿನಲ್ಲಿ ಚುನಾವಣೆ ನಡೆದು ಆ ಇಬ್ಬರಲ್ಲಿ ಒಬ್ಬರು ಮೇಯರ್ ಕೂಡ ಆದರು. ಕಾನೂನಿನ ಸರಿತಪ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ಓದುಗರು ಗಮನಿಸಬೇಕಾದ ಸಂಗತಿ ಬೇರೆ: ಹೊಸ ಮಳಿಗೆಗಳ ಬಗ್ಗೆ ಇಷ್ಟೆಲ್ಲ ಜಗ್ಗಾಟ ನಡೆದಾಗ, ಅಲ್ಲಿಂದ ಕೂಗಳತೆಯಲ್ಲಿ ವರ್ಷಗಳಿಂದ ಗಾಡಾ ಹಚ್ಚಿಕೊಂಡು ನಿಂತವರ ಹೆಸರು ಆ ಮಾತಿನಲ್ಲಿ ಎಲ್ಲಿಯೂ ಬರಲಿಲ್ಲ. ತಿನಿಸು ಕಟ್ಟೆ ಕಟ್ಟುವವರು ಮೊದಲು ಕೇಳಬೇಕಾದದ್ದು ತಿನಿಸು ಮಾಡುವವರು ಯಾರು ಎಂದು.

ಬೀದಿ ವ್ಯಾಪಾರಿಗಳನ್ನು ಎಬ್ಬಿಸಿ ಓಡಿಸಿದರೆ ಊರು ಚೊಕ್ಕಟವಾಗುತ್ತದೆಂಬ ನಂಬಿಕೆ ನಗರಸಭೆಗಳಿಗೆ ಹಳೆಯದು. ಬೆಳಗಾವಿಯಲ್ಲಿ ಅದಕ್ಕೊಂದು ದುಬಾರಿ ಉದಾಹರಣೆಯಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಇಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡತೊಡಗಿದರು. ನಗರಸಭೆ ಅವರ ಜಾಗ ತೆರವು ಮಾಡಲು ಹೇಳಿತು. ಅವರು ಔಂಧ್ ಸಂಸ್ಥಾನದ ರಾಜರ ನೆರವಿನಿಂದ 1910ರಲ್ಲಿ ಬೇರೆಡೆ ನೆಲೆಯೂರಿದರು, ಕಿರ್ಲೋಸ್ಕರವಾಡಿ ಹುಟ್ಟಿತು. ಬೆಳಗಾವಿಗೆ ದಕ್ಕಿದ್ದು ಕಿರ್ಲೋಸ್ಕರ್ ರಸ್ತೆ ಎಂಬ ಫಲಕ. ಭುರ್ಜಿ ಮಾರುವವರೆಲ್ಲ ಕಿರ್ಲೋಸ್ಕರ್ ಆಗುವುದಿಲ್ಲ, ನಿಜ. ಹಾಗೆಂದು ಪ್ರತಿ ಸಲ ಹೊಸ ಬೋರ್ಡು ಬರೆಸಿ ತೃಪ್ತಿಪಡುವುದೂ ಜಾಣತನವಲ್ಲ.

ದುಡ್ಡಿಲ್ಲದೆ, ಕಟ್ಟಡವಿಲ್ಲದೆ ರಾತ್ರಿ ಬೀದಿ ನಡೆಸಿದ ಊರುಗಳು ದೂರದಲ್ಲೇನಿಲ್ಲ. ಅಹಮದಾಬಾದಿನ ಮಾಣೆಕ್ ಚೌಕ್ ಬೆಳಿಗ್ಗೆ ತರಕಾರಿ ಸಂತೆ, ಹಗಲು ಚಿನ್ನಬೆಳ್ಳಿಯ ಪೇಟೆ, ರಾತ್ರಿ ತಿಂಡಿ ಬೀದಿ. ಇಂದೋರಿನ ಸರಾಫಾದಲ್ಲಿ ಚಿನಿವಾರರು ಅಂಗಡಿ ಮುಚ್ಚಿದ ಮೇಲೆ ಅವರ ಕಟ್ಟೆಯ ಮುಂದೆಯೇ ಗಾಡಿಗಳು ಹತ್ತುತ್ತವೆ, ನಡುರಾತ್ರಿ ದಾಟಿದರೂ ಜಿಲೇಬಿ ಕರಿಯುವುದು ನಿಲ್ಲುವುದಿಲ್ಲ. ಚಿನಿವಾರರಿಗೆ ಅದರಲ್ಲಿ ಲಾಭವಿತ್ತು: ಬೀದಿಯಲ್ಲಿ ಜನವಿದ್ದರೆ ತಿಜೋರಿಗೆ ಪುಕ್ಕಟೆ ಕಾವಲು. ಇತ್ತೀಚಿನ ವರ್ಷಗಳಲ್ಲಿ ಗಾಡಿಗಳು ಮಿತಿಮೀರಿ, ಗ್ಯಾಸ್ ಸಿಲಿಂಡರುಗಳ ಬೆಂಕಿಯ ಭಯ ಹುಟ್ಟಿ, ಅದೇ ಚಿನಿವಾರರು ತಕರಾರು ತೆಗೆದಿದ್ದಾರೆ. ಅದೂ ಕಲಿಯಬೇಕಾದದ್ದೇ. ಹುಬ್ಬಳ್ಳಿಯ ದುರ್ಗದಬೈಲು, ಬೆಂಗಳೂರು ವಿ.ವಿ. ಪುರದ ತಿಂಡಿ ಬೀದಿ ಕೂಡ ಯಾವ ಯೋಜನಾ ವರದಿಯಿಂದಲೂ ಹುಟ್ಟಿದವಲ್ಲ. ಹಗಲಿನ ಅಂಗಡಿ ಮುಚ್ಚಿದ ಮೇಲೆ ಖಾಲಿ ಬೀಳುವ ನೆಲವನ್ನು ಇನ್ನೊಬ್ಬರು ಬಳಸಿದರು, ಊರು ಸುಮ್ಮನಿತ್ತು, ಅಷ್ಟೆ.

ಬೆಳಗಾವಿಯಲ್ಲಿ ಅಂಥ ನೆಲ ಎಷ್ಟಿಲ್ಲ? ಗಣಪತ ಗಲ್ಲಿ, ಖಡೇಬಜಾರಗಳಲ್ಲಿ ಹಗಲು ಕಾಲಿಡಲು ಜಾಗವಿರುವುದಿಲ್ಲ. ಬಟ್ಟೆಯಂಗಡಿ, ಸರಾಫಿ ಅಂಗಡಿಗಳು ಒಂಬತ್ತಕ್ಕೆ ಮುಚ್ಚಿದವೆಂದರೆ ನಾಯಿಗಳದೇ ರಾಜ್ಯ. ಟಿಳಕವಾಡಿಯ ವಿಷಯಕ್ಕೆ ಬಂದರೆ ಗೋವಾವೇಸ್‌ನಿಂದ ಆರ್‌ಪಿಡಿ ಕ್ರಾಸ್‌ವರೆಗಿನ ಖಾನಾಪುರ ರಸ್ತೆಯ ತುಂಡೇ ಸಾಕು. ಒಂದು ಕಡೆ ಗೋಗಟೆ, ಆರ್‌ಪಿಡಿ ಕಾಲೇಜುಗಳು, ಸುತ್ತ ಹಿಂದವಾಡಿ, ಭಾಗ್ಯನಗರದ ಪಿಜಿಗಳು. ಬಾಡಿಗೆ ಕೋಣೆಯಲ್ಲಿ ಒಲೆ ಹಚ್ಚುವಂತಿಲ್ಲದ ಸಾವಿರಾರು ಹುಡುಗ ಹುಡುಗಿಯರು ಅಲ್ಲಿದ್ದಾರೆ, ಪರೀಕ್ಷೆಯ ತಿಂಗಳಲ್ಲಿ ಅವರಿಗೆ ಹನ್ನೊಂದಕ್ಕೆ ಹಸಿವಾಗುತ್ತದೆ. ಮ್ಯಾಗಿಯ ಪಾಕೀಟನ್ನು ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಬೇಯಿಸುವ ವಿದ್ಯೆ ಪಿಜಿಗಳಲ್ಲಿ ಬೆಳೆದದ್ದು ಹೀಗೆಯೇ.

ಎಲ್ಲ ಕಡೆ ಬೆಳಕು ಹಾಕಬೇಕೆಂಬ ಹುಚ್ಚೂ ಬೇಡ. ವ್ಯಾಕ್ಸಿನ್ ಡಿಪೋದ ಹಳೆಯ ಮರಗಳ ಆವರಣ ಕತ್ತಲೆಯಾಗಿಯೇ ಇರಲಿ. ಹಗಲು ವಾಕಿಂಗ್ ಬರುವವರಿಗೆ ಅದು ಸಾಕಷ್ಟು ಕೊಟ್ಟಿದೆ, ರಾತ್ರಿ ಹಕ್ಕಿಗಳಿಗೆ ಬಿಟ್ಟರೆ ಯಾರಿಗೂ ನಷ್ಟವಿಲ್ಲ.

ಊಟದಷ್ಟೇ ದೊಡ್ಡ ಪ್ರಶ್ನೆ ಬಸ್ಸಿನದು. ಖಾನಾಪುರ ತಾಲ್ಲೂಕಿನ ಹಳ್ಳಿಗಳಿಂದ ಉದ್ಯಮಬಾಗ, ಮಚ್ಛೆಯ ಕಾರ್ಖಾನೆಗಳಿಗೆ, ಟಿಳಕವಾಡಿಯ ಅಂಗಡಿ, ಹೋಟೆಲು, ಆಸ್ಪತ್ರೆಗಳಿಗೆ ದಿನವೂ ಜನ ಬರುತ್ತಾರೆ. ಊರಿಂದ ಊರಿಗೆ ಇಪ್ಪತ್ತಾರು ಕಿಲೋಮೀಟರ್ ಸುಮಾರು, ಗೋವೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯೇ ದಾರಿ. ಎರಡನೇ ಪಾಳಿ ಬಿಡುವುದು ನಡುರಾತ್ರಿಯ ಹೊತ್ತಿಗೆ. ಬೈಕ್ ಇದ್ದವರು ಹೋಗುತ್ತಾರೆ, ಮಳೆಗಾಲದಲ್ಲಿ ಹೆದ್ದಾರಿಯ ಗುಂಡಿ ತಪ್ಪಿಸುತ್ತ, ದೇವರ ಹೆಸರು ಹೇಳುತ್ತ. ಬೈಕ್ ಇಲ್ಲದವರು ಎರಡನೇ ಪಾಳಿಯನ್ನೇ ಬಿಡುತ್ತಾರೆ, ಕೂಲಿಯೂ ಹೋಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆಯಾಯಿತು. ರಾತ್ರಿ 11ಕ್ಕೆ ಬಸ್ಸೇ ಇಲ್ಲದ ಮೇಲೆ ಪುಕ್ಕಟೆ ಟಿಕೆಟ್ ತೆಗೆದುಕೊಂಡು ಮಾಡುವುದೇನು? ಆಸ್ಪತ್ರೆಯ ಆಯಾ, ಹೋಟೆಲಿನ ಪಾತ್ರೆ ತೊಳೆಯುವಾಕೆ, ಬಟ್ಟೆಯಂಗಡಿಯ ಸೇಲ್ಸ್ ಹುಡುಗಿ ಎಂಟಕ್ಕೇ ಓಡುವುದು ದುಡಿಮೆ ಬೇಡವೆಂದಲ್ಲ, ಕಡೆಯ ಬಸ್ ತಪ್ಪೀತೆಂದು.

ಲಂಡನ್ 2016ರಲ್ಲಿ ವಾರಾಂತ್ಯದ ರಾತ್ರಿಯಿಡೀ ಮೆಟ್ರೊ ಓಡಿಸಲು ಶುರುಮಾಡಿತು. ಬೆಳಗಾವಿಗೆ ಅಷ್ಟು ದೊಡ್ಡದು ಬೇಡ. ಕೇಂದ್ರ ಬಸ್ ನಿಲ್ದಾಣದಿಂದ ಹೊರಟು, ರೈಲು ನಿಲ್ದಾಣ, ಗೋವಾವೇಸ್, ಆರ್‌ಪಿಡಿ ಕ್ರಾಸ್, ಉದ್ಯಮಬಾಗ, ಪೀರನವಾಡಿ ಮುಟ್ಟಿಕೊಂಡು ಖಾನಾಪುರಕ್ಕೆ ರಾತ್ರಿ 11ಕ್ಕೊಂದು, 12.30ಕ್ಕೊಂದು ಬಸ್ ಬಿಟ್ಟರೆ ಸಾಕು. ಮೊದಲ ಮೂರು ತಿಂಗಳು ಸೀಟು ಖಾಲಿ ಹೋದಾವು. ವಾಯವ್ಯ ಸಾರಿಗೆಯವರು ಆ ನಷ್ಟವನ್ನು ಒಬ್ಬರೇ ಹೊರಬೇಕಾಗಿಲ್ಲ. ರಾತ್ರಿ ಪಾಳಿಯ ಲಾಭ ಉಣ್ಣುವ ಕಾರ್ಖಾನೆಗಳ ಸಂಘವೂ, ಪಾಲಿಕೆಯೂ ಪಾಲು ಹಾಕಿದರೆ ಅದು ದೊಡ್ಡ ಮೊತ್ತವೇನಲ್ಲ.

ಎದುರು ವಾದವೂ ಇದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಟಿಳಕವಾಡಿ ಮೂಲತಃ ವಾಸದ ಬಡಾವಣೆ. ಪಿಂಚಣಿದಾರರು, ಮಾಸ್ತರರು, ವಕೀಲರು ಕಟ್ಟಿಸಿದ ಹಂಚಿನ ಮನೆಗಳ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಬಂದಿವೆ. ಮನೆ ಮುಂದೆ ರಾತ್ರಿ ಹನ್ನೆರಡಕ್ಕೆ ಬೈಕ್‌ಗಳ ಸಂತೆ ನೆರೆದರೆ ಯಾರು ತಾನೇ ಸಹಿಸಿಯಾರು? ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ ಹೇರುವ 2000ದ ನಿಯಮ ಇರುವುದೇ ಇಂಥ ಮನೆಗಳಿಗಾಗಿ. ಕರಾವಳಿಯಲ್ಲಿ ಇದೇ ನಿಯಮದಿಂದಾಗಿ ಕಟೀಲು ಮೇಳ 2022ರಲ್ಲಿ ಇಡೀ ರಾತ್ರಿಯ ಯಕ್ಷಗಾನವನ್ನು ಕಾಲಮಿತಿಗೆ ತಂದಿತು. ಅದು ಸರಿಯೇ ಎಂಬ ಚರ್ಚೆಯೂ ಅಲ್ಲಿ ನಡೆಯಿತು. ಆದರೆ ಯಕ್ಷಗಾನದವರೇ ಬಗ್ಗಿದ ಮೇಲೆ ಪಾವ್‌ಭಾಜಿ ಅಂಗಡಿಯ ಸ್ಪೀಕರ್ ಬಗ್ಗುವುದಕ್ಕೇನು ಧಾಡಿ? ರಾತ್ರಿ ಬೀದಿಗೆ ಬೆಂಕಿಯ ಒಲೆ ಬೇಕು, ಬೆಳಕು ಬೇಕು, ಮಾತು ಬೇಕು. ಡಿಜೆ ಬೇಕಾಗಿಲ್ಲ.

ಮದ್ಯದ ಮಾತನ್ನು ಇದರಿಂದ ಬೇರ್ಪಡಿಸುವುದು ಅದಕ್ಕಿಂತ ಮುಖ್ಯ. ಕರ್ನಾಟಕದಲ್ಲಿ ರಾತ್ರಿ ವ್ಯಾಪಾರದ ಚರ್ಚೆ ಹಳಿ ತಪ್ಪಿದ್ದೇ ಇಲ್ಲಿ. ರಾತ್ರಿ ಒಂದರತನಕ ಎಂದ ತಕ್ಷಣ ಬಾರಿನ ಮಾಲೀಕರು ಖುಷಿಪಟ್ಟರು, ತಾಯಂದಿರು ಗಾಬರಿಬಿದ್ದರು, ಚಹಾದವನ ಮಾತು ಎತ್ತುವವರೇ ಇಲ್ಲವಾಯಿತು. ಮುಂಬೈ 2020ರ ಜನವರಿ 27ರಿಂದ 24 ತಾಸಿನ ವ್ಯಾಪಾರಕ್ಕೆ ಅನುಮತಿ ಕೊಟ್ಟಾಗ ಬಾರು, ಪಬ್ಬುಗಳ ಸಮಯವನ್ನು ಹಳೆಯ 1.30ಕ್ಕೇ ಬಿಟ್ಟಿತು. ಊಟ ಬೇರೆ, ಕುಡಿತ ಬೇರೆ ಎಂದು ಕಾಗದದ ಮೇಲೆ ಸ್ಪಷ್ಟವಾಗಿ ಬರೆಯಿತು. ಬೆಳಗಾವಿಯಲ್ಲಿ ಬಾರಿನ ಸಮಯ ಒಂದು ನಿಮಿಷವೂ ಬೆಳೆಯಬೇಕಾಗಿಲ್ಲ. ಪಕ್ಕದಲ್ಲೇ ಗೋವೆ ಇರುವ ಊರಿಗೆ ಆ ಕೊರತೆ ಕಾಡಿದ್ದೂ ಇಲ್ಲ.

ಪೊಲೀಸರ ಅಂಜಿಕೆಗೂ ಇತಿಹಾಸವಿದೆ. ಗಡಿ ತಂಟೆ, ಭಾಷೆಯ ಜಗಳ, ಮೆರವಣಿಗೆಯ ದಿನದ ಕಲ್ಲು, ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನ, ಅದರ ಹಿಂದೆಯೇ ಪ್ರತಿಭಟನೆಗಳ ಸಾಲು. ಇಷ್ಟನ್ನು ನಿಭಾಯಿಸಿದ ಠಾಣೆಗೆ ಬೀದಿ ಖಾಲಿಯಿದ್ದರೆ ನಿರಾಳ. ನಾಲ್ಕು ಜನ ಸೇರಿದರೆ ಅದು ಗುಂಪು, ಗುಂಪು ಎಂದರೆ ಗಲಾಟೆ ಎಂಬ ಸಮೀಕರಣ ರೂಢಿಯಾಗಿಬಿಟ್ಟಿದೆ. ಈ ಅಂಜಿಕೆಯನ್ನು ಬೈಯುವುದಕ್ಕಿಂತ ಅದರ ಹೊಣೆ ಹಂಚಿಕೊಳ್ಳುವುದು ಮೇಲು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರಾತ್ರಿಯ ಮೇಯರ್ ಎಂಬ ಹುದ್ದೆ ಇದೆ: ನಿವಾಸಿಗಳು, ವ್ಯಾಪಾರಿಗಳು, ಪಾಲಿಕೆ ಮೂವರ ನಡುವೆ ಕೂತು ರಾತ್ರಿಯ ತಕರಾರು ಬಗೆಹರಿಸುವ ಕೆಲಸ. ಬೆಳಗಾವಿಯಲ್ಲಿ ಮೇಯರ್ ಹುದ್ದೆಯ ಮೇಲೆ ಈಗಾಗಲೇ ಬೇಕಾದಷ್ಟು ಜಗ್ಗಾಟವಿರುವಾಗ ಇನ್ನೊಂದನ್ನು ಸೃಷ್ಟಿಸುವ ಸಲಹೆ ಯಾರೂ ಕೊಡಲಾರರು. ಪಾಲಿಕೆಯ ಒಬ್ಬ ಆರೋಗ್ಯ ನಿರೀಕ್ಷಕರಿಗೆ ರಾತ್ರಿ 8ರಿಂದ 1ರವರೆಗೆ ಡ್ಯೂಟಿ ಹಾಕಿ, ಅವರ ಫೋನ್ ನಂಬರನ್ನು ಗಾಡಾದವರಿಗೂ ಎದುರು ಮನೆಯವರಿಗೂ ಕೊಟ್ಟರೆ ಅರ್ಧ ಕೆಲಸ ಮುಗಿಯುತ್ತದೆ. ಕಸ ಎತ್ತುವ ಗಾಡಿ ಒಂದೂವರೆಗೆ ಒಂದು ಸುತ್ತು ಬರಲಿ. ಹೆಣ್ಣುಮಕ್ಕಳಿಗೆ ಬೀಗ ಹಾಕಿರದ ಒಂದು ಶೌಚಾಲಯ ಇರಲಿ, ಈಗ ಗಾಡಾದ ಹೆಂಡತಿ ಸಂಜೆ ಆರರಿಂದ ನೀರು ಕುಡಿಯದೆ ನಿಲ್ಲುತ್ತಾಳೆ.

ಇದಕ್ಕೆಲ್ಲ ಹೊಸ ಕಾನೂನು ಬೇಕಿಲ್ಲ ಎಂಬುದೇ ಸೋಜಿಗ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಊರಿನ ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ ವ್ಯಾಪಾರಿಗಳಿಗೆ ಜಾಗ ಕಲ್ಪಿಸಬೇಕೆನ್ನುತ್ತದೆ. 2011ರ ಜನಗಣತಿಯಂತೆ ಬೆಳಗಾವಿ ಪಾಲಿಕೆಯ ಜನಸಂಖ್ಯೆ 4.88 ಲಕ್ಷ. ಲೆಕ್ಕ ಹಾಕಿದರೆ ಹನ್ನೆರಡು ಸಾವಿರ ಗಾಡಾ, ಬುಟ್ಟಿ, ಕಟ್ಟೆಗಳಾಗುತ್ತವೆ. ಆ ಕಾಯ್ದೆಯಡಿಯ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು. ಒಂದೇ ಜಾಗವನ್ನು ಹೊತ್ತು ಹಂಚಿಕೊಂಡು ಬಳಸುವ ಮಾತೂ ಅದೇ ಕಾಯ್ದೆಯಲ್ಲಿದೆ: ತನಗೆ ಕೊಟ್ಟ ಅವಧಿ ಮುಗಿದೊಡನೆ ವ್ಯಾಪಾರಿ ಸರಕು ಎತ್ತಿಕೊಂಡು ಹೋಗಬೇಕು ಎಂದು ಅದು ಕರ್ತವ್ಯವನ್ನೂ ವಿಧಿಸುತ್ತದೆ. ಮಾಣೆಕ್ ಚೌಕ್ ತಾನಾಗಿ ಕಲಿತದ್ದನ್ನು ಸಂಸತ್ತು ಹತ್ತು ವರ್ಷದ ಹಿಂದೆಯೇ ಬರೆದಿಟ್ಟಿದೆ.

ಹಾಗಾಗಿ ಆರಂಭ ಸಣ್ಣದಿರಬಹುದು. ಸಮಿತಿಯವರು ಒಂದು ವಾರ, ರಾತ್ರಿ 9ರ ಮೇಲೆ, ಗೋವಾವೇಸ್‌ನಿಂದ ಆರ್‌ಪಿಡಿ ಕ್ರಾಸ್‌ವರೆಗೆ ನಡೆಯಲಿ. ಈಗಾಗಲೇ ನಿಂತಿರುವ ಗಾಡಾಗಳನ್ನು ಎಣಿಸಲಿ, ನಿಂತವರ ಹೆಸರಿಗೇ ಪ್ರಮಾಣಪತ್ರ ಬರೆಯಲಿ, ಅಣ್ಣತಮ್ಮಂದಿರ, ಹೆಂಡಂದಿರ ಹೆಸರಿಗಲ್ಲ. ಮನೆಗಳ ಸಾಲಿನ ಎದುರು ನಿಂತವರನ್ನು ಮುಚ್ಚಿದ ಅಂಗಡಿಗಳ ಎದುರಿಗೆ ಸರಿಸಲಿ, ಎರಡು ಗಾಡಾಗಳ ನಡುವೆ ಅಗ್ನಿಶಾಮಕದವರು ಹೇಳಿದಷ್ಟು ಅಂತರ ಬಿಡಿಸಲಿ. ಪ್ರಮಾಣಪತ್ರದಲ್ಲಿ ಜಾಗದ ಜೊತೆಗೆ ಸಮಯವನ್ನೂ ನಮೂದಿಸಲಿ: ರಾತ್ರಿ 9ರಿಂದ 12.30. ಆಮೇಲೆ ಬೀಟ್ ಪೊಲೀಸರು ಎರಡು ಸಲ ಹಾರ್ನ್ ಒತ್ತಿದಾಗ ಗಾಡಾದವನು ಲೈಟ್ ಆರಿಸದೆ, ಎಣ್ಣೆ ಹತ್ತಿದ ಪ್ಲಾಸ್ಟಿಕ್ ಕವರಿನಿಂದ ಆ ಕಾಗದ ತೆಗೆದು ತೋರಿಸುತ್ತಾನೆ. 10.40ರ ರೈಲಿನವರು ಅಷ್ಟರಲ್ಲಿ ಮೊದಲ ಗೇಟ್ ದಾಟಿರುತ್ತಾರೆ.